ನೀರಿನ ಟ್ಯೂಬಿನಲ್ಲಿ ಕಂಡ ಗೆರೆ

ಜಲನಗರದ ನಮ್ಮ ಮನೆಗೆ ಲ್ಯಾಬ್ ಟೆಕ್ನಿಶಿಯನ್ ಕೋರ್ಸ್ ಓದುವ ಹುಡುಗಿಯರು ಆಗಾಗ ಬರುತ್ತಾರೆ. ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾವ ಮಶೀನು ಕಲಿತರೆ ಬೇಗ ಕೆಲಸ ಸಿಗುತ್ತದೆ ಎಂದು ವಿಚಾರಿಸುತ್ತಾರೆ. ತಿಳಿದಷ್ಟು ಹೇಳಿ, ಚಹಾ ಕೊಟ್ಟು ಕಳಿಸುತ್ತೇನೆ. ಅವರು ಗೇಟು ದಾಟಿದ ಮೇಲೆ, ಮುಖ್ಯವಾದದ್ದನ್ನು ಹೇಳಲೇ ಇಲ್ಲ ಎಂದು ಪ್ರತಿ ಸಲವೂ ಅನಿಸುತ್ತದೆ. ಅದು ಹತ್ತು ನಿಮಿಷದಲ್ಲಿ ಹೇಳಿ ಮುಗಿಸುವ ಮಾತಲ್ಲ. ಹೀಗಾಗಿ ಬರೆಯಲು ಕೂತೆ.

ನನ್ನ ಹೆಸರು ಹಸೀನಾ ಮುಲ್ಲಾ. ಹುಟ್ಟಿದ್ದು ಬಬಲೇಶ್ವರದಲ್ಲಿ, ಅಪ್ಪ ಅಲ್ಲಿ ದರ್ಜಿ. ವಿಜಯಪುರದ ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಮೊದಲ ವರ್ಷಗಳು ರಕ್ತ, ಮೂತ್ರ, ಕಫ ನೋಡುವುದರಲ್ಲಿ ಹೋದವು. ಆಮೇಲೆ ನಮ್ಮ ಮುಖ್ಯಸ್ಥ ಡಾ. ಹಂಚಿನಾಳ ಅವರು ಮುರಿದ ಕುರ್ಚಿ, ಕಪಾಟು ತುಂಬಿದ್ದ ಒಂದು ಕೋಣೆಯನ್ನು ಖಾಲಿ ಮಾಡಿಸಿ, ಸುಣ್ಣ ಹೊಡೆಸಿ, ಡಿಎನ್‌ಎ ಪರೀಕ್ಷೆ ಶುರು ಮಾಡಿದರು. ಆ ಕೋಣೆಗೆ ಇಬ್ಬರೇ ನೇಮಕವಾದೆವು. ನಾನು ಒಬ್ಬಳು, ಇನ್ನೊಬ್ಬರು ನನಗಿಂತ ಹಿರಿಯರಾದ ಕಾಂಬಳೆ, ನಮ್ಮ ಬಬಲೇಶ್ವರದವರೇ. ದಿನಕ್ಕೆ ಹತ್ತು ಮಾತೂ ಆಡದ ಮನುಷ್ಯ. ಹಂಚಿನಾಳ ಸರ್ ಸ್ವಭಾವ ಇವರಿಗೆ ಪೂರ್ತಿ ವಿರುದ್ಧ. ಅವರು ಕಾರಿಡಾರಿನಲ್ಲಿ ಬರುವುದು ನಮಗೆ ಮೊದಲು ಕಿವಿಗೆ ಗೊತ್ತಾಗುತ್ತಿತ್ತು.

ಆದರೆ ಕಲಿಸುವುದಕ್ಕೆ ಕೂತರೆ ಅವರಷ್ಟು ತಾಳ್ಮೆ ಯಾರಿಗೂ ಇರಲಿಲ್ಲ. ಡಿಎನ್‌ಎ ಎಂದರೆ ಎರಡು ಎಳೆಗಳ ಹುರಿ, ಅದರಲ್ಲಿ ನಾಲ್ಕೇ ಅಕ್ಷರ, ಎ ಎದುರಿಗೆ ಟಿ, ಜಿ ಎದುರಿಗೆ ಸಿ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದರು. ಒಂದು ಜೀವಕೋಶ ಎರಡಾಗುವ ಮೊದಲು ಈ ಹುರಿ ಬಿಚ್ಚಿಕೊಳ್ಳುತ್ತದೆ. ಬಿಚ್ಚಿದ ಒಂದೊಂದು ಹಳೆಯ ಎಳೆಯನ್ನೂ ನೋಡಿಕೊಂಡು ಕೋಶದ ಕಿಣ್ವಗಳು ಅದರ ಎದುರಿಗೆ ಒಂದೊಂದು ಹೊಸ ಎಳೆ ಕಟ್ಟುತ್ತವೆ. ಕಟ್ಟುವಾಗ ತಪ್ಪು ಅಕ್ಷರ ಬಿದ್ದರೆ ಅಲ್ಲೇ ಕಿತ್ತು ಸರಿಯಾದದ್ದನ್ನು ಹಾಕುತ್ತವೆ. ಅಪರೂಪಕ್ಕೆ ಒಂದು ತಪ್ಪು ಕಣ್ಣು ತಪ್ಪಿಸಿ ಉಳಿದುಬಿಡುತ್ತದೆ. ಅದು ಅಂಡದಲ್ಲೋ ವೀರ್ಯದಲ್ಲೋ ಉಳಿದರೆ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿಯುತ್ತದೆ.

ಕೋಶ ಮಾಡುವ ಈ ನಕಲನ್ನು ನಾವು ಟ್ಯೂಬಿನಲ್ಲಿ ಮಾಡಬೇಕಿತ್ತು. ಈಗಿನವರು ಟ್ಯೂಬನ್ನು ಯಂತ್ರದಲ್ಲಿಟ್ಟು ಗುಂಡಿ ಒತ್ತುತ್ತಾರೆ. ನಮ್ಮಲ್ಲಿ ಆಗ ಇದ್ದದ್ದು ಬಿಸಿನೀರಿನ ಮೂರು ತೊಟ್ಟಿ. ಕುದಿಯುವಷ್ಟು ಬಿಸಿಯಾದ ಮೊದಲನೆಯದರಲ್ಲಿ ಎರಡು ಎಳೆ ಬೇರೆಯಾಗುತ್ತಿದ್ದವು. ಅಷ್ಟು ಬಿಸಿಯಿಲ್ಲದ ಎರಡನೆಯದರಲ್ಲಿ, ನಮಗೆ ಬೇಕಾದ ಜಾಗ ಹುಡುಕಿ ಕೂರುವ ಪ್ರೈಮರ್ ಎಂಬ ಸಣ್ಣ ತುಣುಕುಗಳು ಅಂಟುತ್ತಿದ್ದವು. ಮೂರನೆಯದರಲ್ಲಿ ಕಿಣ್ವ ಹೊಸ ಎಳೆ ಕಟ್ಟುತ್ತಿತ್ತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು, ತೊಟ್ಟಿಯಿಂದ ತೊಟ್ಟಿಗೆ ಟ್ಯೂಬು ಬದಲಿಸುತ್ತ ಮೂವತ್ತು ಸುತ್ತು ನಿಲ್ಲಬೇಕು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮೂವತ್ತನೆಯ ಸುತ್ತಿಗೆ ನಕಲುಗಳು ನೂರು ಕೋಟಿ ದಾಟುತ್ತವೆ. ಆಮೇಲೆ ಟ್ಯೂಬಿನ ದ್ರವವನ್ನು ಜೆಲ್ ಎಂಬ ಲೋಳೆಯ ಹಾಳೆಯಲ್ಲಿ ಹರಿಸಿ ನೇರಳೆ ಬೆಳಕಿನ ಪೆಟ್ಟಿಗೆಯ ಮೇಲಿಟ್ಟರೆ, ನಕಲಾದ ಡಿಎನ್‌ಎ ಒಂದು ಗೆರೆಯಾಗಿ ಹೊಳೆಯುತ್ತದೆ.

ಈ ಕೆಲಸದ ಅಪಾಯವೂ ಅಲ್ಲೇ ಇದೆ. ಮುಗಿದ ಟ್ಯೂಬಿನ ಮುಚ್ಚಳ ತೆಗೆದಾಗ ಕಣ್ಣಿಗೆ ಕಾಣದ ಒಂದು ಹನಿ ಹಾರಿ ಹೊಸ ಟ್ಯೂಬಿಗೆ ಬಿದ್ದರೆ, ಕಿಣ್ವ ಅದನ್ನೂ ಅಷ್ಟೇ ನಿಷ್ಠೆಯಿಂದ ನಕಲು ಮಾಡುತ್ತದೆ. ಅದಕ್ಕಾಗಿ ಪ್ರತಿ ಸಲವೂ ಒಂದು ಟ್ಯೂಬಿನಲ್ಲಿ ಯಾರ ಡಿಎನ್‌ಎಯನ್ನೂ ಹಾಕದೆ ಬರೀ ನೀರು ಹಾಕಿ ಇಡಬೇಕು. ಕೊನೆಗೆ ಅದರಲ್ಲಿ ಏನೂ ಕಾಣಬಾರದು.

ನಾನು ಒಂದು ಸಲ ಆ ನೀರಿನ ಟ್ಯೂಬು ಇಡಲಿಲ್ಲ.

ತಿಕೋಟಾದ ಒಬ್ಬ ಬಾಣಂತಿಗೆ ಬಹಳ ದಿನದಿಂದ ಕೆಮ್ಮಿತ್ತು. ಕಫದಲ್ಲಿ ಕ್ಷಯದ ರೋಗಾಣು ಕಾಣಲಿಲ್ಲ ಎಂದು ವೈದ್ಯರು ನಮ್ಮಲ್ಲಿಗೆ ಕಳಿಸಿದರು. ಆ ದಿನ ಶೀಸೆಯಲ್ಲಿ ಉಳಿದಿದ್ದ ದ್ರಾವಣ ರೋಗಿಗಳ ಟ್ಯೂಬಿಗೆ ಮಾತ್ರ ಸಾಲುವಂತಿತ್ತು. ಒಂದು ದಿನ ನೀರು ಇಡದಿದ್ದರೆ ಏನಾಗುತ್ತದೆ ಎಂದುಕೊಂಡೆ. ಅವಳ ಟ್ಯೂಬಿನಲ್ಲಿ ಕ್ಷಯದ ಗೆರೆ ಬಂತು. ವರದಿ ಹೋಯಿತು. ನಲವತ್ತು ದಿನ ಕಳೆದ ಮೇಲೆ, ಅದೇ ಕಫವನ್ನು ಬೆಳೆಸಲು ಇಟ್ಟಿದ್ದ ಬಾಟಲಿಯಲ್ಲಿ ಯಾವ ರೋಗಾಣುವೂ ಬೆಳೆದಿಲ್ಲ ಎಂದು ತಿಳಿಯಿತು. ಮತ್ತೆ ಎರಡು ಸಲ ಪರೀಕ್ಷಿಸಿದೆವು. ಎರಡು ಸಲವೂ ಏನೂ ಇಲ್ಲ.

"ಮುಲ್ಲಾ, ಅವತ್ತ ನೀರ ಇಟ್ಟಿದ್ರೇನು?" ಎಂದು ಸರ್ ಕೇಳಿದರು.

"ಇಲ್ರಿ ಸರ್."

ಬೈಯುತ್ತಾರೆಂದು ಕಾದೆ. ಅವರು ದನಿ ಏರಿಸಲಿಲ್ಲ. "ನಾಳೆ ಮುಂಜಾನೆ ತಿಕೋಟಾಕ ಹೋಗೋಣ. ನಾನೂ ಬರ್ತೀನಿ, ನೀವೂ ಬರ್ರಿ. ತಪ್ಪ ನಮ್ಮದು ಅಂತ ಅವರ ಮುಂದ ನೀವ ಹೇಳಬೇಕು" ಎಂದರು.

ಹೇಳಿದೆ. ಆ ಹೆಣ್ಣುಮಗಳು ಒಳಬಾಗಿಲ ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡಳು. ಅತ್ತೆಯ ತೊಡೆಯ ಮೇಲೆ ಕೂಸು ಇತ್ತು.

"ನಲವತ್ತು ದಿನಾ ಕೂಸಿನ್ನ ನನ್ನ ಕಡೆ ಕೊಟ್ಟಿಲ್ರಿ" ಎಂದಳು. "ಎದಿ ಹಾಲು ಬತ್ತಿ ಹೋದುವು. ಈಗ ನಾ ಎತ್ತಿಕೊಂಡ್ರ ಅಳತೈತಿ. ಅದಕ್ಕ ನಾ ಯಾರು ಅಂತ ಮರತೈತಿ."

ಅಷ್ಟೇ ಹೇಳಿದಳು. ನಮಗೆ ನೀರು ತಂದುಕೊಟ್ಟಳು.

ವಾಪಸು ಬಂದ ದಿನವೇ ಸರ್ ಒಂದು ಹಾಳೆಯ ಮೇಲೆ ಬರೆದು, ಸಹಿ ಮಾಡಿ, ಕೋಣೆಯ ಗೋಡೆಗೆ ಅಂಟಿಸಿದರು: ನೀರಿನ ಟ್ಯೂಬು ಇಲ್ಲದೆ ಪರೀಕ್ಷೆ ಇಲ್ಲ. ನೀರಿನ ಟ್ಯೂಬಿನಲ್ಲಿ ಗೆರೆ ಬಂದರೆ ಆ ದಿನದ ಯಾವ ಫಲಿತಾಂಶವನ್ನೂ ಓದಬಾರದು.

ವರ್ಷಗಳು ಕಳೆದವು. ಮೂರು ತೊಟ್ಟಿಗಳ ಜಾಗಕ್ಕೆ ಯಂತ್ರ ಬಂತು. ಕ್ಷಯದ ಪರೀಕ್ಷೆಗೆ ಬೇರೆ ವ್ಯವಸ್ಥೆಯಾಗಿ, ನಮ್ಮ ಕೋಣೆಗೆ ಹೆಚ್ಚಾಗಿ ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆಯ ಮಕ್ಕಳ ಮಾದರಿಗಳು ಬರತೊಡಗಿದವು. ಹೀಗೆಯೇ ಘೋಣಸಗಿಯ ಶಿವಲೀಲಾ ಮತ್ತು ಅವಳ ಗಂಡ ಮಲ್ಲಪ್ಪ ನನಗೆ ಪರಿಚಯವಾದದ್ದು. ಅವರ ಮಗಳು ಭಾಗ್ಯಾಗೆ ಈ ಕಾಯಿಲೆ. ನಾಲ್ಕು ವರ್ಷದ ಹುಡುಗಿಗೆ ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. ಸೂಜಿ ಚುಚ್ಚಿ ಚುಚ್ಚಿ ಕೈಯ ನರ ಸಿಗುವುದೇ ಕಷ್ಟವಾಗಿತ್ತು.

ಶಿವಲೀಲಾ ಮತ್ತೆ ಬಸುರಾದಳು. ಭಯಕ್ಕೆ ಯಾರಿಗೂ ಹೇಳದೆ ದಿನ ಕಳೆದು, ನಮ್ಮಲ್ಲಿಗೆ ಬರುವ ಹೊತ್ತಿಗೆ ಬಹಳ ತಡವಾಗಿತ್ತು. ಹೊಟ್ಟೆಯೊಳಗಿನ ಕೂಸಿಗೂ ಕಾಯಿಲೆ ಇದೆಯೇ ಎಂದು ತಿಳಿಯಲು ಗರ್ಭದ ನೀರು ತೆಗೆದು ನಮಗೆ ಕಳಿಸಿದರು. ಬಸುರು ಮುಂದುವರಿಸುವುದೋ ಬಿಡುವುದೋ ಎಂದು ಅವರು ನಿರ್ಧರಿಸಲು ಕಾನೂನಿನ ಪ್ರಕಾರ ಮುಂದಿನ ಸೋಮವಾರದವರೆಗೆ ಮಾತ್ರ ಅವಕಾಶವಿತ್ತು.

ಪರೀಕ್ಷೆ ಹೀಗಿತ್ತು. ಗಂಡ ಹೆಂಡತಿ ಇಬ್ಬರಲ್ಲೂ ಒಂದೇ ಜೀನಿನಲ್ಲಿ, ಒಂದೇ ಜಾಗದಲ್ಲಿ, ಒಂದು ಅಕ್ಷರ ಬದಲಾಗಿತ್ತು. ಪ್ರತಿಯೊಬ್ಬರಿಗೂ ಆ ಜೀನಿನ ಎರಡು ಪ್ರತಿ ಇರುತ್ತವೆ, ತಾಯಿಯದೊಂದು, ತಂದೆಯದೊಂದು. ಇವರಿಬ್ಬರಲ್ಲೂ ಒಂದೊಂದು ಪ್ರತಿ ಸರಿ ಇತ್ತು, ಹೀಗಾಗಿ ಆರೋಗ್ಯವಾಗಿದ್ದರು. ಭಾಗ್ಯಾಗೆ ಎರಡು ಕಡೆಯಿಂದಲೂ ಕೆಟ್ಟ ಪ್ರತಿಯೇ ಬಂದಿತ್ತು. ಒಬ್ಬೊಬ್ಬರಿಗೆ ಎರಡು ಟ್ಯೂಬು ಇಡುತ್ತಿದ್ದೆವು. ಒಂದರಲ್ಲಿ ಸರಿಯಾದ ಅಕ್ಷರ ಇದ್ದರೆ ಮಾತ್ರ ನಕಲಾಗುತ್ತದೆ. ಇನ್ನೊಂದರಲ್ಲಿ ಬದಲಾದ ಅಕ್ಷರ ಇದ್ದರೆ ಮಾತ್ರ. ಎರಡರಲ್ಲೂ ಗೆರೆ ಬಂದರೆ ಕೂಸು ತಾಯಿ ತಂದೆಯಂತೆ ಆರೋಗ್ಯ. ಬದಲಾದ ಅಕ್ಷರದ ಟ್ಯೂಬಿನಲ್ಲಷ್ಟೇ ಬಂದರೆ ಇನ್ನೊಬ್ಬ ಭಾಗ್ಯಾ.

ಬುಧವಾರ ಮಧ್ಯಾಹ್ನ ನಾನು, ಕಾಂಬಳೆ, ಸರ್ ಮೂವರೂ ನೇರಳೆ ಬೆಳಕಿನ ಪೆಟ್ಟಿಗೆಯ ಮೇಲೆ ಬಗ್ಗಿ ನೋಡಿದೆವು. ತಾಯಿಗೆ ಎರಡು ಗೆರೆ, ತಂದೆಗೆ ಎರಡು, ಭಾಗ್ಯಾಗೆ ಒಂದು. ಕೂಸಿನದು ಬದಲಾದ ಅಕ್ಷರದಲ್ಲಿ ದಪ್ಪ ಗೆರೆ. ಸರಿಯಾದ ಅಕ್ಷರದಲ್ಲಿ ಇದೆಯೋ ಇಲ್ಲವೋ ಎನ್ನುವಂಥ ಮಸುಕು ಗೆರೆ. ಆಮೇಲೆ ನೀರು. ನೀರಿನಲ್ಲೂ, ಸರಿಯಾದ ಅಕ್ಷರದ ಜಾಗದಲ್ಲಿ, ಅಷ್ಟೇ ಮಸುಕಾದ ಒಂದು ಗೆರೆ.

ನೀರಿನ ಜಾಗದ ಮೇಲೆ ಬೆರಳಿಟ್ಟು ತೋರಿಸಿದೆ.

ಸರ್ ಬಹಳ ಹೊತ್ತು ನೋಡಿದರು. "ನೀರಿನ್ಯಾಗ ಎಷ್ಟೈತಿ, ಕೂಸಿನ್ಯಾಗೂ ಅಷ್ಟ ಐತಿ. ಅಂದ್ರ ಆ ಮಸುಕು ಗೆರಿ ಹೊರಗಿಂದ ಬಿದ್ದದ್ದು. ಕೂಸಿನ ಖರೇ ಗೆರಿ ಇದೊಂದ. ಭಾಗ್ಯಾನಂಗ ಐತಿ" ಎಂದರು.

ನನಗೂ ಹಾಗೇ ಕಂಡಿತು. ಇದನ್ನು ಮುಚ್ಚಿಡಬಾರದು. ರಿಜಿಸ್ಟರಿನಲ್ಲಿ ಕೂಸಿನ ಹೆಸರಿಲ್ಲದ ಸಾಲಿನ ಮುಂದೆ ನಾನೇ ಪೆನ್ಸಿಲಿನಿಂದ 'ಕಾಯಿಲೆ ಇದೆ' ಎಂದು ಬರೆದೆ. ಸರ್ ವರದಿಯ ಹಾಳೆ ಎಳೆದುಕೊಂಡು ಪೆನ್ನಿನ ಮುಚ್ಚಳ ತೆಗೆದರು. ಆಗ ಗೋಡೆಯ ಮೇಲಿನ ಹಾಳೆ ಕಣ್ಣಿಗೆ ಬಿತ್ತು.

"ಸರ್, ನೀರಿನ್ಯಾಗ ಗೆರಿ ಬಂದೈತ್ರಿ. ಇದನ್ನ ಓದಬಾರದ್ರಿ."

"ಗೊತ್ತೈತಿ. ಆದ್ರ ಅರ್ಥ ಸ್ಪಷ್ಟ ಐತಿ. ಸ್ತ್ರೀರೋಗದ ಡಾಕ್ಟರ್ ಮೂರು ಸಲ ಫೋನ್ ಮಾಡ್ಯಾರ. ಸೋಮವಾರದೊಳಗ ಎಲ್ಲಾ ಮುಗೀಬೇಕು."

"ಹಾಳಿ ಮ್ಯಾಲ ಸಹಿ ನಿಮ್ಮದ ಐತ್ರಿ."

ಅವರ ಮುಖ ಕೆಂಪಾಯಿತು. "ಕೂಸಿನ ಡಿಎನ್‌ಎ ಎಷ್ಟ ಉಳದೈತಿ ನೋಡೀರೇನು? ಒಂದ ಸಲಕ್ಕ ಆಗತೈತಿ. ಅದೂ ಕೆಟ್ಟರ ಆ ಹೆಣ್ಣುಮಗಳಿಗೆ ಏನ ಹೇಳ್ತೀರಿ? ನೀವ ಹೋಗಿ ಹೇಳ್ತೀರೇನು?"

ಮೂಲೆಯಲ್ಲಿ ನಿಂತಿದ್ದ ಕಾಂಬಳೆ ಮೆಲ್ಲಗೆ ಹೇಳಿದರು: "ಸರ್, ಕೊಡೂದಾದ್ರ ನೀವ ಒಬ್ಬರ ಸಹಿ ಮಾಡ್ರಿ. ನಾವಿಬ್ಬರೂ ಮಾಡಂಗಿಲ್ಲ."

ಇಪ್ಪತ್ತು ವರ್ಷದಲ್ಲಿ ಅವರು ಸರ್‌ಗೆ ಎದುರಾಡಿದ್ದು ಅದೊಂದೇ ಸಲ. ಸರ್ ಪೆನ್ನು ಮುಚ್ಚಿದರು. "ಶುಕ್ರವಾರ ಮಧ್ಯಾಹ್ನ. ಅದಕ್ಕಿಂತ ಮುಂದ ನನ್ನ ಕಡೆ ದಿನಾ ಇಲ್ಲ" ಎಂದು ಹೊರಗೆ ಹೋದರು.

ಗುರುವಾರ ಮುಂಜಾನೆ ಗಂಡ ಹೆಂಡತಿ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಹೇಳುವ ಕೆಲಸ ನನ್ನದೇ ಆಯಿತು.

"ಪರೀಕ್ಷಾ ಮತ್ತೊಮ್ಮಿ ಮಾಡಬೇಕಾಗೈತಿ. ತಪ್ಪ ನಮ್ಮ ಕಡಿಂದ ಆಗೈತಿ. ನಾಳೆ ಹೇಳ್ತೀವಿ" ಎಂದೆ.

ಮಲ್ಲಪ್ಪ ಎದ್ದು ನಿಂತ. "ನಾವೇನ ಗಂಡೋ ಹೆಣ್ಣೋ ಕೇಳಾಕ ಬಂದಿಲ್ರಿ ಮೇಡಂ. ಕೂಸಿಗೆ ರಕ್ತ ಏರಿಸೂದು ಬರತೈತೋ ಇಲ್ಲೋ, ಅಷ್ಟ ಹೇಳ್ರಿ."

"ಅದನ್ನ ಹೇಳಾಕ ಇವತ್ತ ಆಗೂದಿಲ್ಲಪಾ."

ಅವನು ಗೋಡೆಗೆ ಒರಗಿದ. "ನಮ್ಮ ಮನ್ಯಾಗ ಯಾರಿಗೂ ಇದಿಲ್ರಿ. ನನಗೂ ಇಲ್ಲ, ಇಕಿಗೂ ಇಲ್ಲ. ಇಕಿ ನಮ್ಮ ಸೋದರಮಾವನ ಮಗಳು. ಹಂಗಿದ್ದ ಮ್ಯಾಲ ನಮ್ಮ ಭಾಗ್ಯಾಗ ಎಲ್ಲಿಂದ ಬಂತ್ರಿ?"

ಈ ಪ್ರಶ್ನೆಗೆ ಪುಸ್ತಕದ ಉತ್ತರ ನನಗೆ ಬಾಯಿಪಾಠವಿತ್ತು. ಆದರೆ ಅವನದು ದ್ರಾಕ್ಷಿ ತೋಟ, ಬಳ್ಳಿ ಕಡಿಯುವ ಚಾಟ್ನಿ ಕೆಲಸ ಬಲ್ಲವನು ಎಂದು ಗೊತ್ತಿದ್ದರಿಂದ ಬೇರೆ ದಾರಿ ಹಿಡಿದೆ.

"ದ್ರಾಕ್ಷಿ ಚಾಟ್ನಿ ಮಾಡುವಾಗ ಎಲ್ಲಿ ಕಡೀತೀಯಪಾ?"

"ಚಿಗುರೋ ಕಣ್ಣ ನೋಡಿ ಕಡೀತೀವ್ರಿ. ಇಷ್ಟು ಕಣ್ಣ ಬಿಟ್ಟು ಕಡೀಬೇಕಂತ ಇರತೈತಿ."

"ತಪ್ಪಿ ಬ್ಯಾರೆ ಕಡೆ ಕಡದ್ರ?"

"ಬರೇ ಕಡ್ಡಿ ಬರತೈತ್ರಿ, ಎಲಿ ಬರತೈತಿ. ಹಣ್ಣ ಬರಂಗಿಲ್ಲ."

"ಕೋಶದಾಗೂ ಹಂಗ. ರಕ್ತ ಕೆಂಪಗ ಮಾಡೋ ಪ್ರೋಟೀನ್ ಹೆಂಗ ಕಟ್ಟಬೇಕು ಅಂತ ಡಿಎನ್‌ಎದಾಗ ಬರದಿರತೈತಿ. ಆ ಮೂಲ ಬರಹ ಹೊರಗ ಬರಂಗಿಲ್ಲ. ಅದರದೊಂದು ನಕಲು ತಯಾರಾಗತೈತಿ. ಆ ನಕಲಿನ್ಯಾಗ ಬ್ಯಾಡಾದ ತುಂಡ ಇರತಾವು. ಕೋಶ ಅವನ್ನ ಕಡದು, ಉಳದಿದ್ದನ್ನ ಜೋಡಿಸಿ, ಹೊರಗ ಕಳಸತೈತಿ. ಅಲ್ಲಿ ಮೂರ ಮೂರ ಅಕ್ಷರ ಓದಕೋತ ಪ್ರೋಟೀನ್ ಪೋಣಸತೈತಿ. ನಿಮ್ಮಿಬ್ಬರದೂ ಒಂದೊಂದು ಪ್ರತಿಯೊಳಗ, ಎಲ್ಲಿ ಕಡೀಬೇಕು ಅನ್ನೂ ಗುರುತಿನ್ಯಾಗ ಒಂದು ಅಕ್ಷರ ಬದಲ ಆಗೈತಿ. ಅದಕ್ಕ ಕೋಶ ತಪ್ಪ ಜಾಗಾದಾಗ ಕಡೀತೈತಿ. ನಿಮಗ ಇನ್ನೊಂದು ಪ್ರತಿ ಸರಿ ಇದ್ದದ್ದಕ್ಕ ನಡದೈತಿ. ಭಾಗ್ಯಾಗ ಎರಡೂ ಹಂಗ ಬಂದಾವು."

ಮಲ್ಲಪ್ಪ ನೆಲ ನೋಡುತ್ತ ಕೇಳಿದ. "ಒಂದ ಅಕ್ಷರಕ್ರಿ?"

"ಒಂದ ಅಕ್ಷರಕ್ಕ."

ಶಿವಲೀಲಾ ಬೆಂಚಿನಿಂದ ಎದ್ದು ಹತ್ತಿರ ಬಂದಳು. "ಇದು ನಾ ಏನರ ತಿಂದದ್ದಕ್ಕ, ಕೆಲಸಾ ಮಾಡಿದ್ದಕ್ಕ ಬಂದದ್ದಲ್ಲಲ್ರಿ?" ಎಂದಳು.

"ಅಲ್ಲವ್ವಾ. ನೀ ಹುಟ್ಟುವಾಗನ ನಿನ್ನ ಕೂಡ ಬಂದೈತಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಲ್ಕು ವರ್ಷ ಯಾರೋ ಅವಳ ಮೇಲೆ ಆ ಮಾತು ಹೊರಿಸಿದ್ದರೆಂದು ಆಗ ನನಗೆ ಅರ್ಥವಾಯಿತು.

ಆ ದಿನವೆಲ್ಲ ನಾನು ಮತ್ತು ಕಾಂಬಳೆ ಹೊಲಸು ಎಲ್ಲಿಂದ ಬಿತ್ತೆಂದು ಹುಡುಕಿದೆವು. ಆರೋಗ್ಯವಂತರ ಮಾದರಿಯೆಂದು ನಾವು ಯಾವಾಗಲೂ ಬಳಸುತ್ತಿದ್ದದ್ದು ನನ್ನದೇ ರಕ್ತದ ಡಿಎನ್‌ಎ. ಹಿಂದಿನ ವಾರ ಅದನ್ನು ಅಳೆದ ಪಿಪೆಟ್ಟನ್ನು, ಅಂದರೆ ಹನಿ ಎಳೆಯುವ ಉಪಕರಣವನ್ನು, ಒರೆಸದೆ, ನೀರಿನ ಟ್ಯೂಬಿಗೆಂದೇ ಇಟ್ಟಿದ್ದ ಶುದ್ಧ ನೀರಿನ ಶೀಸೆಯಿಂದ ಅದರಿಂದಲೇ ನೀರು ತೆಗೆದದ್ದು ನೆನಪಾಯಿತು. ಕಾಂಬಳೆಗೆ ಹೇಳಿದೆ.

"ಹಂಗಾದ್ರ ಆ ನೀರಿನ್ಯಾಗ ಇರೋರು ನೀವ ಇರಬೇಕು" ಎಂದರು. ನಗಲಿಲ್ಲ. "ನಾಳೆ ನೀವು ಏನೂ ಮುಟ್ಟಬ್ಯಾಡ್ರಿ. ನಾ ಮಾಡ್ತೀನಿ."

ತೆರೆದಿದ್ದ ಶೀಸೆಗಳನ್ನೆಲ್ಲ ಚೆಲ್ಲಿದೆವು. ರಕ್ತನಿಧಿಯ ಆಚೆಯ ಕಟ್ಟಡದಲ್ಲಿ, ಹಿಂದೆಂದೂ ಡಿಎನ್‌ಎ ಕೆಲಸ ನಡೆಯದ ಒಂದು ಕೋಣೆ ಕೇಳಿ ಪಡೆದೆವು. ಶುಕ್ರವಾರ ಬೆಳಿಗ್ಗೆ ಅಲ್ಲಿ ಮೇಜನ್ನು ಬ್ಲೀಚಿನಿಂದ ಒರೆಸಿ, ಮೊಹರು ಒಡೆಯದ ಹೊಸ ಶೀಸೆಗಳನ್ನು ತೆರೆದು, ಕಾಂಬಳೆ ಟ್ಯೂಬುಗಳನ್ನು ಜೋಡಿಸಿದರು. ನಾನು ಬಾಗಿಲ ಹೊರಗೆ ನಿಂತಿದ್ದೆ. ಎಲ್ಲ ಮುಗಿದು ಕೂಸಿನ ಡಿಎನ್‌ಎ ಹಾಕುವುದೊಂದು ಉಳಿದಾಗ ಅವರು ನನ್ನನ್ನು ಕರೆದರು.

"ಇಷ್ಟ ಸಣ್ಣ ಹನಿ ನನ್ನ ಕಣ್ಣಿಗೆ ಸರಿ ಕಾಣಂಗಿಲ್ರಿ ಹಸೀನಾಬಾಯಿ. ನೀವ ಹಾಕ್ರಿ."

ಮುಖಕ್ಕೆ ಮಾಸ್ಕು, ತೋಳಿನವರೆಗೆ ಹೊಸ ಗವನು, ಜೋಡು ಗ್ಲೌಸು ಹಾಕಿಕೊಂಡು ಒಳಗೆ ಹೋದೆ. ಟ್ಯೂಬಿನ ತಳದಲ್ಲಿ ಸಾಸಿವೆಯಷ್ಟು ದ್ರವ ಇತ್ತು. ಎರಡು ಟ್ಯೂಬಿಗೆ ಎರಡು ಹನಿ. ಉಸಿರು ಹಿಡಿದು ಮೊದಲನೆಯದು ಹಾಕಿದೆ. ಎರಡನೆಯದಕ್ಕೆ ಎಳೆದಾಗ ಪಿಪೆಟ್ಟಿನ ತುದಿಯಲ್ಲಿ ಸಣ್ಣ ಗುಳ್ಳೆ ಬಂತು. ಹಾಗೇ ಹಾಕಿದರೆ ಹನಿ ಅರ್ಧವಾಗುತ್ತದೆ. ಮತ್ತೆ ಕೆಳಗೆ ಬಿಟ್ಟು, ಟ್ಯೂಬನ್ನು ಓರೆ ಹಿಡಿದು, ಕೂದಲೆಳೆಯಷ್ಟು ಮೆಲ್ಲಗೆ ಎಳೆದೆ. ಬಂತು. ಹಾಕಿದೆ. ಮುಚ್ಚಳ ಒತ್ತಿದ ಸಪ್ಪಳ ಕೇಳಿದ ಮೇಲೆ ಕಾಂಬಳೆ ಉಸಿರು ಬಿಟ್ಟರು.

ಯಂತ್ರ ಮೂವತ್ತು ಸುತ್ತು ಮುಗಿಸುವವರೆಗೆ ನಾವಿಬ್ಬರೂ ಅದರ ಎದುರಿಗೆ ಕೂತೆವು. ಊಟಕ್ಕೆ ಯಾರೂ ಏಳಲಿಲ್ಲ.

ಮಧ್ಯಾಹ್ನ ಮೂರಕ್ಕೆ ಸರ್ ಬಂದರು. ಬೆಳಕಿನ ಪೆಟ್ಟಿಗೆಯಲ್ಲಿ ನಾನು ಮೊದಲು ನೋಡಿದ್ದು ನೀರನ್ನು. ಎರಡೂ ಜಾಗ ಕತ್ತಲು. ಆಮೇಲೆ ಕೂಸಿನದು. ಬದಲಾದ ಅಕ್ಷರದಲ್ಲಿ ಗೆರೆ. ಸರಿಯಾದ ಅಕ್ಷರದಲ್ಲೂ ಗೆರೆ, ತಾಯಿಯದರಷ್ಟೇ ದಪ್ಪ.

ಹೊಲಸು ಬಿದ್ದದ್ದು ನೀರಿನ ಶೀಸೆಗೆ ಮಾತ್ರ; ಮೊದಲ ಸಲ ಕೂಸಿನಲ್ಲಿ ಕಂಡ ಮಸುಕು ಗೆರೆ ನಿಜವಾದದ್ದೇ ಆಗಿತ್ತು. ಸರಿಯಾದ ಅಕ್ಷರ ಹುಡುಕುವ ಪ್ರೈಮರಿನ ಹಳೆಯ ಶೀಸೆಯನ್ನು ಎಷ್ಟೋ ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ದೆವು. ಅದು ಸತ್ವ ಕಳೆದುಕೊಂಡಿತ್ತು. ದೊಡ್ಡವರ ರಕ್ತದಲ್ಲಿ ಡಿಎನ್‌ಎ ಧಾರಾಳ ಇದ್ದುದರಿಂದ ಅಲ್ಲಿ ಗೊತ್ತಾಗಲಿಲ್ಲ. ಕೂಸಿನ ಅಷ್ಟಿಷ್ಟರಲ್ಲಿ ಸೋತಿತ್ತು.

ಸರ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತರು. ನಾನು ರಿಜಿಸ್ಟರು ತೆರೆದು ಪೆನ್ಸಿಲಿನ ಬರಹ ಅಳಿಸಲು ರಬ್ಬರು ತೆಗೆದುಕೊಂಡೆ.

"ಅಳಿಸಬ್ಯಾಡ್ರಿ" ಎಂದರು. "ಅಡ್ಡ ಗೆರಿ ಹೊಡೀರಿ. ಅಡಿಯಾಗ ನನ್ನ ಸಹಿ ತಗೋರಿ. ನಾಳೆ ಯಾರರ ನೋಡಲಿ."

ಈ ಕೆಲಸಕ್ಕೆ ಬರುವವರು ಒಂದನ್ನು ತಿಳಿದಿರಲಿ. ಪರೀಕ್ಷೆಯನ್ನು ಮತ್ತೆ ಮಾಡೋಣ ಎಂದಾಗ ನನ್ನ ಮನಸ್ಸಿನಲ್ಲಿ ಅನುಮಾನವೇನೂ ಇರಲಿಲ್ಲ. ಕೂಸಿಗೆ ಕಾಯಿಲೆ ಇದೆ ಎಂದೇ ನಾನು ನಂಬಿದ್ದೆ. ತಿಕೋಟಾದ ಮನೆಯ ನಂತರ ನಿಯಮ ಮುರಿಯುವ ಧೈರ್ಯ ನನಗೆ ಉಳಿದಿರಲಿಲ್ಲ, ಅಷ್ಟೇ.

ಬೆಂಚಿನ ಹತ್ತಿರ ಹೋಗಿ, "ಕೂಸು ನಿಮ್ಮಂಗ ಇರತೈತಿ. ರಕ್ತ ಏರಿಸೂದು ಬರಂಗಿಲ್ಲ" ಎಂದೆ. ಮಲ್ಲಪ್ಪ ಅದನ್ನೇ ಇನ್ನೊಮ್ಮೆ ಹೇಳಿಸಿಕೊಂಡ. ಶಿವಲೀಲಾ ನನ್ನ ಕೈ ಹಿಡಿದುಕೊಂಡು ಕೇಳಿದಳು: "ಈ ಪರೀಕ್ಷಾ ಭಾಗ್ಯಾಗ ಏನರ ಉಪಯೋಗ ಆಗತೈತೇನ್ರಿ?" ಆಗುವುದಿಲ್ಲ ಎಂದು ಹೇಳಬೇಕಾಯಿತು. ತಲೆಯಾಡಿಸಿದಳು. ಅವಳ ಸಂತೋಷವನ್ನು ನಾನೇ ಅರ್ಧ ಮಾಡಿದಂತೆ ಅನಿಸಿತು.

ಹೆಣ್ಣುಮಗು ಹುಟ್ಟಿತು. ಕಾಂಬಳೆ ನಿವೃತ್ತರಾದರು, ಸರ್ ನಿವೃತ್ತರಾದರು. ನಾನು ಬಿಡುವ ಹಿಂದಿನ ತಿಂಗಳು ರಕ್ತ ಏರಿಸುವ ವಾರ್ಡಿಗೆ ಹೋಗಿದ್ದೆ. ಭಾಗ್ಯಾ ಹಾಸಿಗೆಯ ಮೇಲೆ ಕೂತು, ಒಂದು ಕೈಗೆ ನಳಿಕೆ ಇದ್ದಂತೆಯೇ ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ತಂಗಿಯಿಂದ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದಳು. ತಂಗಿ ಹನ್ನೆರಡರ ಮಗ್ಗಿಯಲ್ಲಿ ತಡವರಿಸಿ ಬೈಸಿಕೊಳ್ಳುತ್ತಿದ್ದಳು. ಶಿವಲೀಲಾ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಒಂದ ಮಾತ ಕೇಳ್ತೀನ್ರಿ ಅಕ್ಕಾರ. ಅವತ್ತ ಮೊದಲನೇ ಸಲ ಏನ ಬಂದಿತ್ರಿ?"

ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. "ಓದಾಕ ಬರಲಾರದಂಗ ಬಂದಿತ್ತವ್ವಾ" ಎಂದೆ. ಅದು ಸುಳ್ಳಾಗಿರಲಿಲ್ಲ.

ಅವಳು ಚಿಕ್ಕ ಮಗಳ ಕಡೆ ನೋಡುತ್ತಲೇ ಹೇಳಿದಳು: "ಗುರುವಾರ ನೀವು ಬಂದು ನಿಂತಾಗ ನಿಮ್ಮ ಮಾರಿ ನೋಡಿ, ಇದಕ್ಕೂ ಬ್ಯಾನಿ ಐತಿ ಅಂತ ನನಗ ತಿಳದಿತ್ರಿ. ಅವತ್ತ ಮನಿಗೆ ಹೋಗಿ ಹೊಟ್ಟಿ ಮ್ಯಾಲ ಕೈ ಇಟ್ಟು, 'ನಾಳೆ ನಿನ್ನ ಕಳಿಸ್ತೀನಿ, ಸಿಟ್ಟಾಗಬ್ಯಾಡ' ಅಂತ ಇದಕ್ಕ ಹೇಳಿದ್ದೆ."